ಪ್ರಧಾನಿಯವರು ಹೇಳದ ಮಾತು

ಸರ್ಕಾರಿ ಅತಿಥಿಗೃಹ, ಮೂರನೇ ಮಹಡಿ
ಮಂಗಳವಾರ, ತಿಂಡಿಗೆ ಮುಂಚೆ

ಮುನಿಸಿನ ಮಹಾರಾಣಿ ಅಕ್ಕನಿಗೆ, ತಮ್ಮನ ನಮಸ್ಕಾರ.

ಮಂಡಿನೋವು ಹೇಗಿದೆ? ಭಾವ ಈಗಲೂ ನಿನ್ನ ಪ್ರಶ್ನೆಗಳಿಗೆಲ್ಲ ಗೊರಕೆಯಲ್ಲೇ ಉತ್ತರ ಕೊಡುತ್ತಾರಾ? ನಾನು ಕ್ಷೇಮ, ಗಂಟಲೊಂದು ಬಿಟ್ಟು. ಪ್ರಧಾನಿಯವರ ದುಭಾಷಿಯಾಗಿ ದೇಶ ದೇಶ ಸುತ್ತುತ್ತಿದ್ದೇನೆ. ರಾಜತಂತ್ರ ಅವರದು, ಅತಂತ್ರ ನಾನು.

ಅಧಿಕಾರಕ್ಕೆ ಬಂದ ಹುರುಪಿನಲ್ಲಿ ನಮ್ಮ ಸಾಹೇಬರು ಯಾರಿಗೂ ಹೇಳದೆ ಕೇಳದೆ ಬಂದರಿನ ಒಪ್ಪಂದ ಹರಿದುಹಾಕಿದ್ದರಲ್ಲ, ಅಂದಿನಿಂದ ಮಿತ್ರರಾಷ್ಟ್ರಗಳಲ್ಲಿ ಮಿತ್ರರು ಹೋಗಿ ರಾಷ್ಟ್ರಗಳಷ್ಟೇ ಉಳಿದಿವೆ. ಈಗ ಅವರನ್ನೆಲ್ಲ ಒಲಿಸಿಕೊಳ್ಳುವ ಯಾತ್ರೆ. ಸಾಹೇಬರನ್ನು ನೋಡಿದಾಗಲೆಲ್ಲ ನಿನ್ನದೇ ನೆನಪು. ಅಮ್ಮನ ಹಳೇ ಹೊಲಿಗೆ ಮಿಷನ್ನನ್ನು ಕೇಳದೆ ಗುಜರಿಯವನಿಗೆ ಕೊಟ್ಟು, ಹೊಸದು ತಂದಿಟ್ಟೆನಲ್ಲ ಅಂತ ಮೂತಿ ತಿರುಗಿಸಿಕೊಂಡು ಹೋದವಳಲ್ಲವೇ ನೀನು? ಅಂದಿನಿಂದ ಮನೆಯಲ್ಲೂ ನನಗೆ ಇದೇ ನೌಕರಿ, ಸಂಬಳವಿಲ್ಲದ್ದು. ಅಮ್ಮ "ನನ್ನ ಕಣ್ಣೆದುರಿಗೆ ಬರಬೇಡ ಅನ್ನು" ಅಂದರೆ, ಅಮ್ಮನಿಗೆ ಕಣ್ಣು ಸ್ವಲ್ಪ ಮಂಜಂತೆ ಅಂತ ನಿನಗೆ ಮುಟ್ಟಿಸುತ್ತಿದ್ದೆ. ನೀನು ಅಮ್ಮನಲ್ಲಿ ಕೇಳಿಕೊಂಡ ಕ್ಷಮೆಗಳೆಲ್ಲ ನನ್ನ ಸ್ವಂತ ರಚನೆ. ಬಹಳ ಚೆನ್ನಾಗಿದ್ದವು, ನಿನಗೆ ಅಭಿನಂದನೆ.

ನಿನ್ನೆ ಇಲ್ಲಿನ ಅಧ್ಯಕ್ಷರು, ಅಮ್ಮನ ವಯಸ್ಸಿನ ಹಿರಿಯರು, ಕಾಫಿ ಮುಟ್ಟದೆ ಕೂತಿದ್ದರು. ಕೊನೆಗೆ ಬಾಯಿ ಬಿಟ್ಟು, "ಹೋದದ್ದಕ್ಕೆ ಬೇಸರವಿಲ್ಲ, ನನ್ನನ್ನೊಂದು ಮಾತು ಕೇಳಲಿಲ್ಲವಲ್ಲ" ಅಂದರು. ಥೇಟ್ ಅಮ್ಮನ ಮಾತು! ನನ್ನ ತಲೆ ನಮ್ಮ ಅಡುಗೆಮನೆಗೆ ಹೋಗಿಬಿಟ್ಟಿತು. ಸಾಹೇಬರು ಗಂಟಲು ಸರಿಮಾಡಿಕೊಂಡು ಅಂದಿನ ಪರಿಸ್ಥಿತಿ ಹಾಗಿತ್ತು ಅಂದರು. ನಿನ್ನ ಪರವಾಗಿ ಮಾತಾಡಿ ಪಳಗಿದ ನನ್ನ ನಾಲಿಗೆ ಅದನ್ನು ಅಧ್ಯಕ್ಷರಿಗೆ ದಾಟಿಸಿದ್ದು ಹೀಗೆ: "ನಾನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯಿತು."

ಹಿರಿಯರು ಕಣ್ಣೊರೆಸಿಕೊಂಡರು, ಸಾಹೇಬರ ಕೈ ಹಿಡಿದುಕೊಂಡರು, ಆರಿದ ಕಾಫಿಯನ್ನೇ ಕುಡಿದರು. ಬಂದರಿನ ಒಪ್ಪಂದ ವಾಪಸ್ ಬಂತು. ಸಾಹೇಬರು ಕಾರು ಹತ್ತಿದ ಮೇಲೆ, "ಏನ್ರೀ, ನಾನು ಅಷ್ಟು ಚೆನ್ನಾಗಿ ಏನು ಹೇಳಿದೆ?" ಅಂದರು. ಕೆಲಸ ಹೋಯಿತು ಅಂದುಕೊಂಡೇ ನಿಜ ಹೇಳಿದೆ. ಸಾಹೇಬರು ಕಿಟಕಿಯ ಗಾಜು ಏರಿಸಿ, "ಉಳಿದ ಕಡೆಯೂ ಹಾಗೇ ಹೇಳಿಬಿಡಿ. ನನ್ನ ಬಾಯಲ್ಲಿ ಅದು ಬರೋಲ್ಲ" ಅಂದರು.

ನಿನ್ನ ಬಾಯಲ್ಲೂ ಬರುವುದಿಲ್ಲವೆಂದು ಬಲ್ಲೆ. ಭಾವನಿಗೆ ನಮಸ್ಕಾರ, ಮಂಡಿಗೆ ವಿಶ್ರಾಂತಿ.

ಇತಿ, ನಿನ್ನ
ಎರಡು ನಾಲಿಗೆಯ ತಮ್ಮ

ಮರೆತಿದ್ದೆ: ಬೆಳಿಗ್ಗೆ ಅಮ್ಮನ ಫೋನ್ ಬಂದಿತ್ತು. ಈ ಸಲ ನನ್ನದೇನೂ ಸೇರಿಸಿಲ್ಲ, ಅವಳು ಹೇಳಿದ್ದು ಇಷ್ಟೇ: "ಆ ಹೊಸ ಮಿಷನ್ನಿಗೆ ದಾರ ಪೋಣಿಸೋಕೆ ನಂಗೆ ಕಣ್ಣು ಕಾಣಲ್ಲ. ಅವಳು ಬಂದರೆ ಪೋಣಿಸಲಿ, ಇಲ್ಲದಿದ್ದರೆ ಹಾಗೇ ಇರಲಿ."