ಝರಾನ್ ನಿಲ್ದಾಣದ ತಡೆಕೋಣೆ

ಬೀದರ, ನಡುಗಾಲದ ಹನ್ನೊಂದು, ಕ್ರಿ.ಶ. ೨೧೮೬

ನಮ್ಮ ಮುತ್ತಜ್ಜಿಯರಿಗೂ ಮುತ್ತಜ್ಜಿಯರಾದ ನಿಮಗೆ,

ನಡುಗಾಲ ಎಂದರೆ ಬೇಸಿಗೆ ಮುಗಿದರೂ ಮಳೆ ಬಾರದ ತಿಂಗಳುಗಳು. ನಿಮ್ಮ ಪಂಚಾಂಗದಲ್ಲಿ ಅದಿಲ್ಲ. ಇನ್ನೂ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಿಮ್ಮ ಟ್ರಾನ್ಸಿಟ್ ವೀಸಾವನ್ನು ನಾವು ಹಾಯುಚೀಟಿ ಎನ್ನುತ್ತೇವೆ. ಒಂದು ವಿಮಾನ ಇಳಿದು ಇನ್ನೊಂದಕ್ಕೆ ಕಾಯುವ ಸಮಯ ನಮಗೆ ತಂಗುಹೊತ್ತು. ಹೆಸರು ಬದಲಾಗಿದೆ ಅಷ್ಟೆ. ರಗಳೆ ನೀವು ಬಿಟ್ಟುಹೋದದ್ದೇ, ಈಗ ಚೆನ್ನಾಗಿ ಬಲಿತಿದೆ. ನೂರೈವತ್ತು ವರ್ಷ ಹಿಂದಕ್ಕೆ ಕಾಗದ ಬರೆಯುವಷ್ಟು ಸಿಟ್ಟು ನನಗೇಕೆ ಬಂತೆಂದು ಕೇಳಿ.

ನನ್ನ ಅವ್ವ ನಾಗಲಾಂಬಿಕಾ. ಬೀದರದ ನೆಲದಡಿಯ ಹಳೆಯ ನೀರುಸುರಂಗಗಳ ಹೂಳು ತೆಗೆಯುವ ತಂಡಕ್ಕೆ ಬಹಳ ಕಾಲ ಮುಖ್ಯಸ್ಥೆಯಾಗಿದ್ದವಳು. ಆಕೆಯ ಬೆನ್ನಿಗೆ ಬಿದ್ದ ತಂಗಿ, ನನ್ನ ಚಿಕ್ಕವ್ವ ಇಂದುಮತಿ, ದಕ್ಷಿಣ ಸಮುದ್ರದ ತೇಲುಪಟ್ಟಣವೊಂದಕ್ಕೆ ಉಪ್ಪುನೀರನ್ನು ಸಿಹಿ ಮಾಡುವ ಕೆಲಸಕ್ಕೆ ಹೋಗಿ ಅಲ್ಲೇ ಮದುವೆಯಾದಳು. ಬಳಿಕ ಆ ಪಟ್ಟಣಕ್ಕೂ ನಮ್ಮ ದೇಶಕ್ಕೂ ಒಪ್ಪಂದ ಮುರಿಯಿತು. ಅವರ ಪಾಸ್‌ಪೋರ್ಟಿಗೆ ನಾವು ಬಾಗಿಲು ತೆರೆಯೆವು, ನಮ್ಮದಕ್ಕೆ ಅವರು ತೆರೆಯರು. ಅಕ್ಕತಂಗಿಯರು ಇಪ್ಪತ್ತು ವರ್ಷಕ್ಕೂ ಮೇಲೆ ಪರದೆಯ ಮೇಲಷ್ಟೇ ಮಾತಾಡಿಕೊಂಡರು. ಪರದೆಯಲ್ಲಿ ಮುಖ ಕಾಣುತ್ತದೆ, ಕೈ ಸಿಗುವುದಿಲ್ಲ.

ಕಳೆದ ವರ್ಷ ಚಿಕ್ಕವ್ವನ ಹೃದಯ ಸೋತಿತು. ಇನ್ನೊಂದೇ ಪ್ರಯಾಣ, ಆಮೇಲೆ ವಿಮಾನದ ಹೆಸರೆತ್ತಬೇಡಿ ಎಂದರು ವೈದ್ಯರು. ಆ ಒಂದನ್ನು ಆಕೆ ಝರಾನ್‌ಗೆಂದು ಎತ್ತಿಟ್ಟಳು. ಝರಾನ್ ಮರಳುಗಾಡಿನ ನಡುವಿನ ದೊಡ್ಡ ನಿಲ್ದಾಣ. ಅವರ ವಿಮಾನವೂ ನಮ್ಮ ವಿಮಾನವೂ ಇಳಿಯುವ ಜಾಗ ಅದೊಂದೇ. ಇಬ್ಬರೂ ಮುಂದೆಲ್ಲಿಗೋ ಟಿಕೆಟ್ ತೆಗೆದು, ತಂಗುಹೊತ್ತಿನಲ್ಲಿ ಕೂಡಿ ಕೂತು ಮಾತಾಡುವುದೆಂದು ನಿಶ್ಚಯವಾಯಿತು. ಅವ್ವ ಶೇಂಗಾ ಹೋಳಿಗೆ ಮಾಡಿ ಕಟ್ಟಿಕೊಂಡಳು. ನಾನೂ ಜೊತೆಗೆ ಹೊರಟೆ.

ಇಳಿದ ಮೇಲೆ ತಿಳಿಯಿತು, ನಮ್ಮದು ಮೊದಲನೆಯ ಟರ್ಮಿನಲ್, ಚಿಕ್ಕವ್ವನದು ಎರಡನೆಯದು. ನಡುವೆ ಒಂದು ಗಾಜಿನ ಸೇತುವೆ. ಅದನ್ನು ಹತ್ತಲು ಹಾಯುಚೀಟಿ ಬೇಕು. ಹಾಯುಚೀಟಿ ಸಿಗಬೇಕಾದರೆ ಮುಂದಿನ ವಿಮಾನ ಆಚೆಯ ಟರ್ಮಿನಲ್‌ನಿಂದಲೇ ಹೊರಡಬೇಕು. ನಮ್ಮದು ಈಚೆಯಿಂದಲೇ ಹೊರಡುತ್ತಿತ್ತು.

ಮೇಜಿನ ಹಿಂದಿದ್ದ ಅಧಿಕಾರಿಯ ಕೊರಳಲ್ಲಿ ಅನುವಾದದ ಯಂತ್ರ ತೂಗುತ್ತಿತ್ತು. ಅದರದು ಅಚ್ಚುಕಟ್ಟಾದ ಪುಸ್ತಕದ ಕನ್ನಡ.

"ತಾವು ಅಲ್ಲಿಗೆ ಹೋಗುವ ಉದ್ದೇಶವೇನು?"

"ನನ್ನ ತಂಗಿ ಕುಂತಾಳ್ರಿ ಅಲ್ಲಿ. ಆಕಿ ಮಾರಿ ನೋಡಿ ಬರ್ತೀನಿ," ಎಂದಳು ಅವ್ವ.

"ಭೇಟಿಗೆ ಪ್ರವೇಶ ವೀಸಾ ಬೇಕು. ಅದನ್ನು ತಮ್ಮ ದೇಶದಿಂದಲೇ ತರಬೇಕಿತ್ತು."

"ಹಂಗಾರ ಆಕೀಗೇ ಇಲ್ಲಿಗಿ ಕಳಸ್ರಿ."

"ಅವರಿಗೂ ಇದೇ ನಿಯಮ."

"ಸೇತುವಿ ನಡುವ ನಿಂತು ಮಾತಾಡ್ತೀವ್ರಿ. ನೀವೂ ನಿಂದ್ರಿ ಬೇಕಾರ."

"ಸೇತುವೆ ಇರುವುದು ದಾಟಲು. ನಿಲ್ಲಲು ಅಲ್ಲ."

ನನಗೆ ತಲೆ ಕೆಟ್ಟಿತು. "ಸುಮ್ನ ದಾಟಿದ್ರ ಏನ್ ಮಾಡ್ತೀರಿ?" ಎಂದೆ. ಆತ ಸಿಟ್ಟಾಗಲಿಲ್ಲ. ಹಿಡಿದು ತಡೆಕೋಣೆಯಲ್ಲಿ ಕೂರಿಸುತ್ತೇವೆ, ಮುಂದಿನ ವಿಮಾನಕ್ಕೆ ಊರಿಗೆ ಅಟ್ಟುತ್ತೇವೆ, ಮತ್ತೆ ಝರಾನ್‌ಗೆ ಬರದಂತೆ ಹೆಸರು ಹೊಡೆದುಹಾಕುತ್ತೇವೆ ಎಂದು ವಿನಯದಿಂದ ವಿವರಿಸಿದ.

ಅವ್ವ ಕಿವಿ ನಿಮಿರಿಸಿದಳು. "ಆ ಕಡಿದವ್ರಿಗೂ ಈ ಕಡಿದವ್ರಿಗೂ ಒಂದೇ ಖೋಲಿ ಏನ್ರಿ?"

"ಹೌದು. ತಡೆಕೋಣೆ ಒಂದೇ ಇದೆ."

ಅವ್ವ ಪಕ್ಕಕ್ಕೆ ಬಂದು ತಂಗಿಗೆ ಫೋನು ಹಚ್ಚಿದಳು. "ಇಂದೂ, ಎದ್ದು ಸೇತುವಿ ಕಡಿ ನಡಿ. ನಿಲ್ಲಂದ್ರ ನಿಲ್ಲಬ್ಯಾಡ."

"ಓಡಾಕ ಆಗಂಗಿಲ್ಲ ಅಕ್ಕಾ, ಎದಿ ಹಾರ್ತದ."

"ಓಡು ಅಂದೋರ್ಯಾರ? ಸಾವಕಾಶ ನಡಿ. ಹಿಡೀಲಾಕ ಅವ್ರೇ ಬರ್ತಾರ."

ಅವ್ವ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಗಂಟೆಗಳು ಅರಚಿಕೊಂಡವು. ಹೋಳಿಗೆಯ ಚೀಲ ನನ್ನ ಕೈಯಲ್ಲಿತ್ತು, ನಾನೂ ಹಿಂದೆಯೇ ನುಗ್ಗಿದೆ. ಸೇತುವೆಯ ಕಾಲುಭಾಗವೂ ದಾಟಿರಲಿಲ್ಲ, ಹಿಡಿದರು.

ತಡೆಕೋಣೆಗೆ ಕಿಟಕಿಯಿರಲಿಲ್ಲ. ಫಿನಾಯಿಲ್ ವಾಸನೆ, ಬೆನ್ನಿಲ್ಲದ ಬೆಂಚುಗಳು. ಚಿಕ್ಕವ್ವನನ್ನು ಆಗಲೇ ತಂದು ಕೂರಿಸಿದ್ದರು. ಅವ್ವ ಹೋಗಿ ಪಕ್ಕದಲ್ಲಿ ಕೂತು ಅವಳ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಎಷ್ಟ್ ಸೊರಗೀಯಲ್ಲ ತಂಗಿ."

"ನೀ ಗುಂಡಾಗೀದಿ, ಲೆಕ್ಕ ಸರಿ ಹೋಯ್ತು ಬಿಡು," ಎಂದು ನಕ್ಕ ಚಿಕ್ಕವ್ವ ಹಾಗೆಯೇ ಅಕ್ಕನ ಭುಜಕ್ಕೆ ಮುಖವೊತ್ತಿ ಅತ್ತಳು.

ಊರ ಕಡೆಯ ವಿಮಾನಗಳಲ್ಲಿ ಮರುದಿನದವರೆಗೆ ಜಾಗವಿರಲಿಲ್ಲ. ನಿಯಮ ಪಾಲಿಸಿದ್ದರೆ ಎಂದೂ ಸಿಗದಷ್ಟು ಹೊತ್ತು ಸಿಕ್ಕಿತು. ಕಾವಲಿನವಳೂ ಹೋಳಿಗೆ ತಿಂದು ಒಂದು ಕಂಬಳಿ ತಂದುಕೊಟ್ಟಳು. ಅಕ್ಕತಂಗಿಯರಿಬ್ಬರೂ ಅದರೊಳಗೆ ಮಲಗಿ, ಸತ್ತುಹೋದ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಬೈದು ಮುಗಿಸಿದರು. ಮರುದಿನ ಅಕ್ಕನ ಕೈಯಿಂದ ಕೈ ಬಿಡಿಸಿಕೊಳ್ಳುವಾಗ ಚಿಕ್ಕವ್ವ ಅಳಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಆಕೆ ತೀರಿಕೊಂಡಳು.

ಮೊನ್ನೆ ಝರಾನ್‌ನ ಹೊಸ ಆದೇಶ ಹೊರಬಿತ್ತು. ಪ್ರಯಾಣಿಕರು ತಡೆಕೋಣೆಯನ್ನು ದುರುಪಯೋಗ ಮಾಡಿಕೊಳ್ಳುತ್ತಿರುವುದರಿಂದ ಅದರ ನಡುವೆ ಗೋಡೆ ಹಾಕಿ ಟರ್ಮಿನಲ್‌ಗೊಂದರಂತೆ ಎರಡು ಕೋಣೆ ಮಾಡುತ್ತಾರಂತೆ. ಸೇತುವೆಯ ನಿಯಮ ಸಡಿಲಿಸಬಹುದಿತ್ತು, ಅದು ಯಾರಿಗೂ ತೋಚಲಿಲ್ಲ. ಗೋಡೆ ಎಬ್ಬಿಸುವುದು ಮಾತ್ರ ತೋಚಿತು. ಅವ್ವನಿಗೆ ಓದಿ ಹೇಳಿದೆ. "ಖೋಲಿ ಪಾಪ ಏನ್ ಮಾಡಿತ್ತ?" ಎಂದಳು.

ನಿಮ್ಮ ಕಾಲಕ್ಕೆ ಆ ನಿಲ್ದಾಣಕ್ಕೆ ಇನ್ನೂ ಅಡಿಗಲ್ಲು ಬಿದ್ದಿಲ್ಲ. ನಿಮ್ಮಲ್ಲಿ ಯಾರಾದರೂ ಅದರ ನಕ್ಷೆ ಬರೆಯುವ ಮೇಜಿಗೆ ಕೂತರೆ, ನೀವು ನಿಯಮ ತಿದ್ದುತ್ತೀರೆಂಬ ಆಸೆ ನನಗಿಲ್ಲ. ತಡೆಕೋಣೆಯನ್ನು ನಡುವೆ ಗೋಡೆ ಎಬ್ಬಿಸಲಾಗದಷ್ಟು ಚಿಕ್ಕದಾಗಿ ಕಟ್ಟಿ, ಸಾಕು.

ಇಂತಿ ನಿಮ್ಮ ಕುಡಿ,
ಮಹಾನಂದಾ