ಎದೆ ಎನ್ನಬಾರದ ಮನೆ

ಗದಗ, ೧೯೪೩

ಕೊಪ್ಪಳದ ಮಾವನವರಾದ ದೊಡ್ಡಬಸಪ್ಪನವರ ಸನ್ನಿಧಿಗೆ ಸೊಸೆ ಶೇಖರಮ್ಮನ ಶರಣು.

ನಿಮ್ಮ ಮನೆ ತುಂಬಿದಂದಿನಿಂದ ನಿಮ್ಮೊಂದಿಗೆ ಒಂದು ಮಾತೂ ಆಡಿದವಳಲ್ಲ. ಸೊಸೆಯಾದವಳು ಮಾವನೆದುರು ಬಾಯಿ ಬಿಡಬಾರದು ಎಂಬುದು ನಿಮ್ಮಲ್ಲಿಯ ರೀತಿ. ಕಾಗದಕ್ಕೆ ಆ ರೀತಿಯನ್ನು ಇನ್ನೂ ಯಾರೂ ಹಚ್ಚಿಲ್ಲ, ನನ್ನ ಪುಣ್ಯ. ಧಾರವಾಡದ ಕಾಲೇಜು ಕಲಿತ ಸೊಸೆ ಎಂದು ಬಂದ ಬೀಗರಿಗೆಲ್ಲ ಹೇಳಿ ಮೀಸೆ ತಿರುವುತ್ತೀರಲ್ಲ, ಆ ಕಲಿಕೆ ಇವತ್ತು ನಿಮ್ಮ ಸೇವೆಗೆ ಬಂದಿದೆ. ಕೂತು ಓದಿರಿ.

ನಿಮ್ಮ ಗುಮಾಸ್ತ ಓಬಳೆಪ್ಪ ಬೆಳಗಿನ ರೈಲಿಗೆ ಬಂದು ನನ್ನ ತವರುಮನೆಯ ಬಾಗಿಲಲ್ಲಿ ನಿಮ್ಮ ಅಪ್ಪಣೆ ಒಪ್ಪಿಸಿದ. "ಸ್ವಾಮಿಗೋಳು ಬರಾಕತ್ತಾರ್ರಿ, ಪಾದಪೂಜಿ ಐತಿ. ಕಳಕಮ್ಮನೋರನ್ನ ಇವತ್ತ ಕರಕೊಂಡು ಬಾ ಅಂದಾರ ಸಾವಕಾರ್ರು. ಅವರಿಲ್ಲಂದ್ರ ಹೋಳಿಗಿ ಕೆಡತಾವಂತ್ರಿ." ಹೋಳಿಗೆ ಕೆಡುವುದು ನಿಮಗೆ ದೂರದಿಂದಲೇ ತಿಳಿಯುತ್ತದೆ. ಅದನ್ನು ಮಾಡುವ ಅತ್ತೆಯವರ ಮೈ ಕೆಡುತ್ತಿರುವುದು ಒಂದೇ ಸೂರಿನ ಕೆಳಗಿದ್ದೂ ತಿಳಿಯಲಿಲ್ಲ.

ದೀಪಾವಳಿ ಕಳೆದಾಗಿನಿಂದ ಅತ್ತೆಯವರು ಪೂಜೆಯ ನೀರು ತರುವಾಗ ನಡುದಾರಿಯಲ್ಲಿ ಕೊಡ ಇಳಿಸಿ, ಎದೆ ಒತ್ತಿಕೊಂಡು ನಿಲ್ಲುತ್ತಿದ್ದರು. ನಿಂತರೆ ನೋವು ಇಳಿಯುತ್ತಿತ್ತು, ನಡೆದರೆ ಮತ್ತೆ ಏರುತ್ತಿತ್ತು. ಚಳಿಯಲ್ಲೂ ಹಣೆಯ ಮೇಲೆ ಬೆವರು. ಕೇಳಿದರೆ, "ಏನಿಲ್ಲವಾ, ರಟ್ಟಿ ಜಗ್ಗತೈತಿ" ಎನ್ನುತ್ತಿದ್ದರು. ನನ್ನ ಮಗು ದಿನವೆಲ್ಲ ಅವರ ಕಂಕುಳಲ್ಲೇ ಇರುತ್ತದೆ. ಅವರು ಮೆಟ್ಟಿಲ ಮೇಲೆ ಕುಸಿದರೆ ಇಬ್ಬರೂ ಹೋದರಲ್ಲ ಎಂದು ನನಗೆ ನಿದ್ದೆಯೇ ಹಾರಿಹೋಗಿತ್ತು. ಮಲಗಿದರೂ ಒಂದು ಕಿವಿ ತೊಟ್ಟಿಲ ಕಡೆ, ಇನ್ನೊಂದು ಅವರ ಉಸಿರಿನ ಕಡೆ.

ನಿಮ್ಮ ಮಗನಿಗೆ ಹೇಳಿದೆ, ಅವರು ನಿಮಗೆ ಹೇಳಿದರು, ನೀವು ದೊಡ್ಡ ಮನಸ್ಸು ಮಾಡಿ ಪೇಟೆಯ ಡಾಕ್ಟರನ್ನು ಕರೆಸಿದಿರಿ. ಆಹಾ, ಅದೆಂಥ ಪರೀಕ್ಷೆ! ಡಾಕ್ಟರು ಪಡಸಾಲೆಯಲ್ಲಿ, ನೀವು ಲೋಡಿಗೆ ಒರಗಿ, ರೋಗಿ ಬಾಗಿಲ ಹಿಂದೆ. ಎಲ್ಲಿ ನೋವು ಎಂದು ಅವರು ಕೇಳಿದ್ದು ನಿಮ್ಮನ್ನು. "ಹೊಟ್ಟಿ ಬ್ಯಾನಿರಿ, ವಾಯು. ಸೇಂಗಾ ಭಾಳ ತಿಂತಾಳ" ಎಂದಿರಿ. ಎಷ್ಟು ದಿನದಿಂದ ಎಂದರೆ, "ಹೆಂಗಸರಿಗೆ ಇದ್ದದ್ದ ಬಿಡ್ರಿ" ಎಂದು ನಕ್ಕಿರಿ. ಅವರೂ ನಕ್ಕರು. ನಾಡಿ ನೋಡದೆ, ಮುಖ ನೋಡದೆ, ಚಹಾ ಕುಡಿದು, ಓಮದ ನೀರಿನ ಬಾಟಲಿ ಕಳಿಸಿದರು. ನಿಮ್ಮ ನಾಲಿಗೆ ನೋಡಿ ನಿಮ್ಮ ಹೆಂಡತಿಗೆ ಔಷಧ ಕೊಟ್ಟ ಮಹಾನುಭಾವರು!

ಎದೆ ಎಂದು ಯಾಕೆ ಹೇಳಲಿಲ್ಲ ಎಂದು ಅತ್ತೆಯವರನ್ನು ಕೇಳಿದೆ. "ಥೂ ಹುಚ್ಚಿ, ಗಂಡಸರ ಮುಂದ ಎದಿ ಅಂತಾರೇನ? ಅದಕ್ಕ ಅವರು ಕೇಳಿದಾಗ ಹೊಟ್ಟಿ ಅಂದೆ" ಎಂದರು. ಗಂಡಸರು ಎಂದರೆ ನೀವು, ಮಾವನವರೇ. ನಿಮ್ಮ ಮಕ್ಕಳಿಗೆಲ್ಲ ಹಾಲುಣಿಸಿದ ಆ ಎದೆಗೆ ನಿಮ್ಮೆದುರು ಹೆಸರಿಲ್ಲ.

ಆಗ ನಾನು ಮಗುವಿಗೆ ಗದಗಿನಲ್ಲಿ ಸಿಡುಬು ಬಾರದಂತೆ ತೋಳಿಗೆ ದೇವಿ ಹಾಕಿಸಬೇಕು, ಎತ್ತಿಕೊಳ್ಳಲು ಅತ್ತೆಯವರು ಬೇಕು ಎಂದು ಹೇಳಿ ಕಳಿಸಿದೆ. ಮೊಮ್ಮಗನ ತೋಳಿನ ಮಾತು ಬಂದೊಡನೆ ಸ್ಟೇಷನ್ನಿಗೆ ಗಾಡಿ ಹೂಡಿಸಿದಿರಿ. ದೇವಿಯನ್ನೂ ಹಾಕಿಸಿದ್ದೇನೆ, ಸುಳ್ಳಾಡಿಲ್ಲ.

ಇಲ್ಲಿಯ ಹೆಣ್ಣು ಡಾಕ್ಟರು ನನ್ನನ್ನು ಪಕ್ಕಕ್ಕೆ ಕೂರಿಸಿ, "ನೀವು ಸುಮ್ಮನಿರಿ, ಅವರೇ ಹೇಳಲಿ" ಎಂದರು. ನಡೆದಾಗ ಬರುತ್ತದೋ, ಕೂತಾಗಲೋ? ಉಂಡ ಮೇಲೆಯೋ, ಹಸಿದಾಗಲೋ? ಒತ್ತಿದರೆ ನೋಯುತ್ತದೋ? ತೋಳಿಗೆ, ದವಡೆಗೆ ಹರಿಯುತ್ತದೋ? ಉಸಿರು ಕಟ್ಟುತ್ತದೋ? ಅತ್ತೆಯವರು ಮೊದಲು ಸೆರಗು ಬಿಗಿದುಕೊಂಡರು. ಆಮೇಲೆ ಇಡೀ ಅಂಗೈಯನ್ನು ಎದೆಯ ನಡುವೆ ಇಟ್ಟು, "ಇಲ್ಲೇ ನೋಡ್ರಿ ಅವ್ವಾರ, ಬೀಸೋ ಕಲ್ಲು ಹೇರಿದಂಗ ಆಕ್ಕೈತಿ" ಎಂದರು. ಇದು ಹೃದಯದ ಬೇನೆ, ಅದಕ್ಕೆ ರಕ್ತ ಸಾಲುತ್ತಿಲ್ಲ ಎಂದರು ಡಾಕ್ಟರು. ವಯಸ್ಸಾದವರು ಎದೆ ಹಿಡಿದುಕೊಂಡೇ ಬೀಳುತ್ತಾರೆ ಎಂದುಕೊಳ್ಳಬಾರದಂತೆ. ಕೆಲವರಿಗೆ ಬರೀ ದಣಿವು, ಕೆಲವರಿಗೆ ತೇಕು, ಕೆಲವರಿಗೆ ಅಜೀರ್ಣದಂತೆಯೇ ತೋರುತ್ತದಂತೆ. ಅದಕ್ಕೇ ಕೇಳಬೇಕು, ಮುಟ್ಟಿ ನೋಡಬೇಕು. ಕೊಡ ಹೊರುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ, ಒಲೆಯ ಮುಂದೆ ಬೇಯುವಂತಿಲ್ಲ. ನೋವು ಬಂದರೆ ನಾಲಿಗೆಯ ಕೆಳಗೆ ಇಡಲು ಗುಳಿಗೆ ಕೊಟ್ಟಿದ್ದಾರೆ. ಅದಕ್ಕೂ ಬಗ್ಗದಿದ್ದರೆ ತಡಮಾಡದೆ ಕರೆತರಬೇಕು.

ಇಷ್ಟಾದರೂ ಓಬಳೆಪ್ಪನ ಮಾತು ಕೇಳಿ ಅತ್ತೆಯವರು ಗಂಟು ಕಟ್ಟಿದರು, ನಾನು ಬಾಗಿಲಿಗೆ ಅಡ್ಡ ನಿಂತೆ. "ಸರಿಯವಾ, ಅವರ ಮರ್ಯಾದಿ ಹೊಕ್ಕೈತಿ" ಎಂದು ನನ್ನನ್ನು ಸರಿಸಿ ಅಂಗಳ ದಾಟುವಷ್ಟರಲ್ಲಿ ನೋವು ಹಿಡಿಯಿತು. ಕಟ್ಟೆಯ ಮೇಲೆ ಕೂರಿಸಿ ಗುಳಿಗೆ ಇಟ್ಟೆ. ಉಸಿರು ತಿರುಗಿದ ಮೇಲೆ ಅವರು ನನ್ನನ್ನಲ್ಲ, ಓಬಳೆಪ್ಪನನ್ನು ನೋಡಿದರು. "ಓಬಳೆಪ್ಪಾ, ನನ್ನ ಎದಿ ನೋಯಾಕತ್ತೈತಿ. ಎದಿ. ಹೊಟ್ಟಿ ಅಲ್ಲ. ಹಿಂಗ ಹೇಳು ಅವರಿಗೆ. ನಾ ಬರಂಗಿಲ್ಲ." ಪಾಪ, ಆ ಗಂಡಸು ತಲೆ ತಗ್ಗಿಸಿದ. ನಿಮ್ಮೆದುರು ಆ ಶಬ್ದ ನುಡಿಯುವ ಧೈರ್ಯ ಅವನಿಗೆ ಬಾರದೆಂದೇ ಈ ಕಾಗದ ಅವನ ಕೈಯಲ್ಲಿ ಕೊಟ್ಟಿದ್ದೇನೆ.

ಪಾದಪೂಜೆ ಸಾಂಗವಾಗಲಿ. ಹೋಳಿಗೆಯ ಹೂರಣವನ್ನು ನೀವೇ ರುಬ್ಬಿರಿ, ರಟ್ಟೆ ಎಲ್ಲಿದೆ ಎಂದಾದರೂ ತಿಳಿದೀತು. ಕಿರಿಯಳು ಹಿರಿಯರನ್ನು ಹರಸಬಾರದು, ಆದರೂ ಹರಸುತ್ತೇನೆ: ನಿಮಗೂ ವಯಸ್ಸಾಗುತ್ತಿದೆ. ನಿಮ್ಮ ಎದೆ ನೊಂದ ದಿನ, ಎಲ್ಲಿ ನೋವು ಎಂದು ನಿಮ್ಮನ್ನೇ ಕೇಳುವವರೊಬ್ಬರು ಹತ್ತಿರವಿರಲಿ.

ಇಂತು, ಎದುರು ಮಾತಾಡದ ಸೊಸೆ,
ಶೇಖರಮ್ಮ