ನಾಲ್ಕು ಬೆರಳು ಸಡಿಲ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ
ಅಂಗಡಿಯ ಹೊಲಿಗೆ ಮೇಜಿನಿಂದ

ನನ್ನ ಗಿರಿಗಿಟ್ಲೆ,

ಇದು ಓಡಾಡಿಕೊಂಡು ಓದುವ ಪತ್ರವಲ್ಲ, ಒಂದು ಕಡೆ ಕೂತುಕೋ. ನಿನ್ನ ಅತ್ತೆ ಚೆನ್ನಾಗಿದ್ದಾಳೆ, ಬಲ ಮೊಣಕಾಲೊಂದನ್ನು ಬಿಟ್ಟು. ಅದು ನನ್ನ ಮಾತು ಕೇಳುವುದನ್ನು ನಿಲ್ಲಿಸಿ ವರ್ಷವಾಯಿತು.

ನಾನು ಹೊಲಿದುಕೊಟ್ಟು, ನೀನು ವಾಪಸು ಕಳಿಸಿದ ಸೀಟ್ ಬೆಲ್ಟಿನ ಪೊಟ್ಟಣ ನಿನ್ನೆ ಬಂತು. ಒಳಗಿದ್ದ ಚೀಟಿಯನ್ನು ಮೂರು ಸಲ ಓದಿದೆ. "ತಿರುವಿನಲ್ಲಿ ಅಪ್ಪ ಮೂಟೆ ಥರ ಎಡಕ್ಕೆ ಜಾರಿಬಿಟ್ರು ಅತ್ತೆ, ಅಂಗಿ ಹಿಡ್ಕೊಂಡು ಎಳೆದೆ. ಆಗಿನಿಂದ ನಾಲ್ಕು ದಿನ ಆಯ್ತು, ಆ ಸೀಟಿನ ಹತ್ರಾನೇ ಸುಳೀತಿಲ್ಲ" ಎಂದು ಬರೆದಿದ್ದೀಯ. ಕೊನೆಗೆ, "ನಾನೇ ಅಳತೆ ತಪ್ಪಾಗಿ ತಗೊಂಡೆ ಅನ್ಸುತ್ತೆ" ಅಂತಲೂ ಸೇರಿಸಿದ್ದೀಯ.

ಇಲ್ಲ ಮಗಳೇ. ನಿನ್ನ ಅಳತೆ ಸರಿಯಾಗಿತ್ತು. ತಪ್ಪಿದ್ದು ನಾನು.

ಎದೆಯ ಸುತ್ತ ಮೂವತ್ತನಾಲ್ಕು ಇಂಚು ಎಂದು ನೀನು ಬರೆದಾಗ ನನಗೆ ನಗು ಬಂದಿತ್ತು. ಈ ಹುಡುಗಿಗೆ ಟೇಪು ಹಿಡಿಯಲು ಬರುವುದಿಲ್ಲ ಅಂದುಕೊಂಡೆ. ನನ್ನ ತಮ್ಮನ ಎದೆ ನನಗೆ ಗೊತ್ತಿಲ್ಲವೇ? ನಲವತ್ತೆರಡು! ಬಸ್ಸಿನ ಬಾಗಿಲಲ್ಲಿ ಅವನು ನಿಂತರೆ ಗಾಳಿಯೂ ಟಿಕೆಟ್ ತಗೊಂಡು ಒಳಗೆ ಬರಬೇಕಿತ್ತು. ನಲವತ್ತು ವರ್ಷ ಕಾರು, ಬಸ್ಸುಗಳ ಸೀಟು ಹೊಲಿದ ಕೈ ನನ್ನದು, ಆಳನ್ನು ನೋಡಿಯೇ ಅಳತೆ ಹೇಳುತ್ತೇನೆ ಎಂಬ ಜಂಬ ಬೇರೆ. ನಿನ್ನನ್ನು ಕೇಳದೆ ಒಂದೊಂದು ಪಕ್ಕಕ್ಕೂ ನಾಲ್ಕು ನಾಲ್ಕು ಬೆರಳು ಸೇರಿಸಿ ಕತ್ತರಿಸಿದೆ. ಭುಜದ ಮೆತ್ತೆಯನ್ನು ಪಟ್ಟಿಗೇ ಹೊಲಿದುಬಿಟ್ಟಿದ್ದರಿಂದ ಅದು ಬಕಲಿಗೆ ತಡೆದು, ನೀನು ಎಷ್ಟು ಎಳೆದರೂ ಬೆಲ್ಟು ಬಿಗಿಯಾಗಲಿಲ್ಲ. ನಾನು ಬೆಲ್ಟು ಹೊಲಿದದ್ದು ಎಂಟು ವರ್ಷದ ಹಿಂದಿನ ಒಬ್ಬ ಮನುಷ್ಯನಿಗೆ. ಕೂತವನು ಬೇರೆಯವನು.

ಪಾರ್ಶ್ವವಾಯು ಬಡಿದು ಎಡಗಡೆ ಸೋತವನಿಗೆ ನೀನು ಎಷ್ಟು ಒದ್ದಾಡಿ ಆ ಯಂತ್ರ ಕಟ್ಟಿದೆ ಎಂದು ನನಗೆ ಗೊತ್ತು. ಗುಜರಿ ಕಾರಿನ ಸೀಟು, ಕಬ್ಬಿಣದ ಚೌಕಟ್ಟು, ಸ್ಟೀರಿಂಗು, ಎದುರಿಗೆ ಗೋಡೆಯಗಲ ಪರದೆ. ರೇಸಿನ ಸಿಮ್ಯುಲೇಟರ್, ಕೂತಲ್ಲೇ ಕಾರು ಓಡಿಸುವ ಆಟ ಎಂದು ನೀನು ಹೇಳಿದಾಗ, ಈ ವಯಸ್ಸಿನಲ್ಲಿ ಅವನಿಗೆ ರೇಸೇ ಎಂದು ಬೈದೆ. ಆಮೇಲೆ ನೀನು ಬರೆದೆಯಲ್ಲ: ಅಪ್ಪ ಹಿಂದಿನ ಕಾರುಗಳಿಗೆಲ್ಲ ದಾರಿ ಬಿಡುತ್ತಾರೆ, ತಿರುವಿಗೆ ಮೊದಲು ಹಾರ್ನ್ ಹುಡುಕುತ್ತಾರೆ, ಎರಡು ಸುತ್ತು ಹಿಂದೆ ಬಿದ್ದು ಕೊನೆಯವರಾಗಿ ಮುಟ್ಟಿ, "ನೋಡು, ಗಾಡಿಗೆ ಒಂದ್ ಗೀರೂ ಇಲ್ಲ" ಎಂದು ನಕ್ಕರು ಅಂತ. ಕಾಯಿಲೆ ಬಂದ ಮೇಲೆ ನಕ್ಕಿದ್ದು ಅದೇ ಮೊದಲು ಅಂತ. ಆ ಪತ್ರ ಇನ್ನೂ ನನ್ನ ಹೊಲಿಗೆ ಯಂತ್ರದ ಖಾನೆಯಲ್ಲೇ ಇದೆ.

ಅವನು ಜಾರುವುದು ಯಾಕೆಂದು ನನಗೆ ಅರ್ಥವಾಗಿದೆ. ಸೀಟು ಅಲುಗದಿದ್ದರೂ ಪರದೆಯ ಮೇಲೆ ರಸ್ತೆ ತಿರುಗಿದೊಡನೆ ಅವನ ಮೈ ವಾಲುತ್ತದೆ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ರೂಢಿ. ಬಲಕ್ಕೆ ವಾಲಿದರೆ ತಾನೇ ಏಳುತ್ತಾನೆ, ಎಡಕ್ಕೆ ವಾಲಿದರೆ ಏಳಲಾರ. ಮಗಳ ಕಣ್ಣೆದುರು ಬೀಳುವುದಕ್ಕಿಂತ ಕೂರದಿರುವುದೇ ವಾಸಿ ಅಂದುಕೊಂಡಿರುತ್ತಾನೆ. ಇನ್ನೊಂದು ಸಲ ಜಾರಿದರೆ ಅವನು ಆ ಸೀಟಿಗೆ ಜನ್ಮದಲ್ಲಿ ಬರುವುದಿಲ್ಲ. ಅವನ ಹಟ ನನಗೆ ಗೊತ್ತು. ಎದೆಯಳತೆ ಮರೆತಿರಬಹುದು, ಹಟದ ಅಳತೆ ಮರೆತಿಲ್ಲ.

ಇನ್ನು, ಕಡಿಮೆಗೆ ಸಿಗುವ ಬೇರೆ ಬೆಲ್ಟು ತರಲೇ ಎಂದು ಕೇಳಿದ್ದೀಯ. ಹೊಸ ರೇಸ್ ಬೆಲ್ಟು ಬೇಡ, ಅದರ ಬೆಲೆಗೆ ಇನ್ನೊಂದು ಸೀಟೇ ಬರುತ್ತದೆ. ಗುಜರಿ ಕಾರಿನ ಮಾಮೂಲು ಬೆಲ್ಟೂ ಬೇಡ. ಅದು ಒಂದೇ ಭುಜವನ್ನು ಹಿಡಿಯುತ್ತದೆ, ಇವನಿಗೆ ಎರಡೂ ಬೇಕು. ನಿನ್ನೆ ಮೊಣಕಾಲನ್ನು ಬೈಯುತ್ತಲೇ ರೇಸಿನವರ ಗ್ಯಾರೇಜಿಗೆ ಹೋಗಿ ಬಂದೆ. ಅಲ್ಲಿನ ಮೇಸ್ತ್ರಿ ನನ್ನ ಹಳೆಯ ಗಿರಾಕಿ. ಅವರಲ್ಲಿ ಬೆಲ್ಟಿಗೂ ಔಷಧಿಯ ಹಾಗೆ ತಾರೀಕು ಇರುತ್ತದಂತೆ, ಅದು ದಾಟಿದರೆ ಪಟ್ಟಿ ಗಟ್ಟಿಯಿದ್ದರೂ ರೇಸಿಗೆ ಬಿಡುವುದಿಲ್ಲ. ಅಂಥದ್ದೊಂದನ್ನು ನನ್ನ ಕೈಗಿಟ್ಟು, "ತಗೊಳಮ್ಮ, ವಾಯಿದೆ ಮುಗಿದಿದೆ ಅಷ್ಟೇ. ನಮ್ಮಿಬ್ಬರದೂ ಮುಗಿದಿದೆ, ಓಡಾಡ್ತಿಲ್ವಾ?" ಎಂದ. "ನಿಂದು ಮುಗಿದಿರಬೋದು, ನನ್ನ ಯಾಕೆ ಸೇರಿಸ್ಕೋತೀಯ?" ಅಂದೆ. ಆಮೇಲೆ ಅವನೇ ಗಂಭೀರವಾಗಿ ಎಚ್ಚರಿಸಿದ: ಮನೆಯ ಸೀಟಿಗೆ ಸರಿ, ರಸ್ತೆಯ ಮೇಲೆ ಓಡುವ ಯಾವ ಗಾಡಿಗೂ ಇದನ್ನು ಹಾಕಬಾರದು. ನೀನೂ ನೆನಪಿಡು.

ಪಟ್ಟಿ ಚೆನ್ನಾಗಿದೆ, ಭುಜಕ್ಕೆ ಕೊರೆಯದಷ್ಟು ಅಗಲವಿದೆ. ಬೀಗ ಮಾತ್ರ ತಿರುಗಿಸಿ ತೆಗೆಯುವಂಥದ್ದು, ಬಲು ಬಿಗಿ. ಒಂದೇ ಕೈಯಲ್ಲಿ ತೆಗೆದು ನೋಡಿದೆ, ಆಗಲಿಲ್ಲ. ಅದನ್ನು ಕಿತ್ತು, ಒತ್ತಿದರೆ ಬಿಚ್ಚುವ ಬಕಲನ್ನು ಬಲಗೈಗೆ ಸಿಗುವ ಹಾಗೆ ಹಾಕುತ್ತೇನೆ. ಕೂತವನು ತಾನೇ ಬಿಚ್ಚಿಕೊಳ್ಳಲಾರದ್ದು ಬೆಲ್ಟಲ್ಲ, ಕಟ್ಟು. ನೀನು ಪಟ್ಟಿಯ ತುದಿಗಳನ್ನು ಸೀಟಿನ ಸ್ಪಂಜಿಗಲ್ಲ, ಕಬ್ಬಿಣದ ಚೌಕಟ್ಟಿಗೇ ಬಿಗಿಯಬೇಕು. ವ್ಯಾಯಾಮ ಮಾಡಿಸಲು ಬರುವ ಮೇಡಂಗೆ ತೋರಿಸಿ ಒಪ್ಪಿಗೆ ಪಡೆ. ಕೂರಿಸಿ ನೀನು ಅಡುಗೆಮನೆಗೆ ಹೋಗಬೇಡ.

ಈಗ ನಾನು ಮುಂದೂಡುತ್ತ ಬಂದ ಮಾತು.

ಅತ್ತೆಗೂ ಅಪ್ಪನಿಗೂ ಮಾತು ನಿಂತಿದ್ದು ಯಾವುದೋ ಮದುವೆಯಲ್ಲಿ ಮರ್ಯಾದೆ ಮಾಡಲಿಲ್ಲ ಅಂತ, ಎಂದು ನಿನಗೆ ಹೇಳಿದ್ದಾರೆ. ನಾನೂ ಹಾಗೇ ಇರಲಿ ಎಂದು ಬಿಟ್ಟೆ. ಅದು ಸುಳ್ಳು. ಆಗ ನಾನು ವಾರಕ್ಕೊಮ್ಮೆ ಅವನ ಬಸ್ಸಿನಲ್ಲಿ ಹೋಗುತ್ತಿದ್ದೆ, ಅವನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಒಂದು ದಿನ ನಿಲ್ದಾಣದಲ್ಲಿ ಕೈಯೆತ್ತಿ ನಿಂತಿದ್ದ ಮುದುಕಿ ಅವನಿಗೆ ಕಾಣಲಿಲ್ಲ. ಮುಂದಿನ ವಾರ ಪಕ್ಕದಲ್ಲಿದ್ದ ಸೈಕಲ್ಲಿನವನು ಕೂದಲೆಳೆಯಲ್ಲಿ ಉಳಿದ. ಕಣ್ಣು ತೋರಿಸು ಎಂದು ಮೂರು ಸಲ ಹೇಳಿದೆ. "ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ತಡಕೋಳು ನನಗೆ ಕಣ್ಣಿನ ಬುದ್ಧಿ ಹೇಳ್ತೀಯಾ?" ಎಂದು ನಕ್ಕ. ನಾಲ್ಕನೆಯ ಸಲ ಅವನಿಗೆ ಹೇಳಲಿಲ್ಲ. ಡಿಪೋಗೆ ಹೋಗಿ ಅವನ ಮೇಲಧಿಕಾರಿಗೆ ಹೇಳಿದೆ.

ಪರೀಕ್ಷೆಯಾಯಿತು. ಪಕ್ಕದ ನೋಟ ಮಸುಕಾಗಿತ್ತು. ಸ್ಟೀರಿಂಗ್ ಬಿಡಿಸಿ ಟಿಕೆಟ್ ಕಿಟಕಿಯ ಹಿಂದೆ ಕೂರಿಸಿದರು. ಅದೇ ಸಂಜೆ ಅವನು ಅಂಗಡಿಗೆ ಬಂದು, ನಾನು ಹೊಲಿದುಕೊಟ್ಟಿದ್ದ ಡ್ರೈವರ್ ಸೀಟಿನ ಮೆತ್ತೆಯನ್ನು ಈ ಮೇಜಿನ ಮೇಲಿಟ್ಟು ಹೋದವನು ಎಂಟು ವರ್ಷವಾದರೂ ಈ ಕಡೆ ತಿರುಗಿ ನೋಡಿಲ್ಲ.

ಮಾಡಿದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಆ ಸೈಕಲ್ಲಿನವನ ಮನೆಯಲ್ಲೂ ಯಾರೋ ಕಾಯುತ್ತಿದ್ದರು. ಆದರೆ ಬೆನ್ನ ಹಿಂದೆ ಹೋಗಬಾರದಿತ್ತು. "ನಾಳೆ ಡಿಪೋಗೆ ಹೋಗ್ತಿದೀನಿ ಕಣೋ, ಬೇಕಾದರೆ ಬೈಯಿ" ಎಂದು ಎದುರಿಗೆ ಹೇಳಬೇಕಿತ್ತು. ಅಕ್ಕನಾಗಿ ಅಷ್ಟೂ ಧೈರ್ಯ ಬರಲಿಲ್ಲ. ಕಾಯಿಲೆಯಾದಾಗಲೂ ಬರಲಿಲ್ಲ. ನೋಡದಿದ್ದರೆ ಅವನು ನಲವತ್ತೆರಡೇ ಇರುತ್ತಾನೆ ಅಂದುಕೊಂಡೆನೋ ಏನೋ.

ಅದಕ್ಕೇ ಈ ಸಲ ನಿನ್ನ ಕಾಗದದ ಅಳತೆ ನನಗೆ ಬೇಡ. ನಾನೇ ಬಂದು ತಗೊಳ್ಳಬೇಕು. ಬೆಲ್ಟು ಅಂಗಡಿಯಿಂದ ತಂದದ್ದು ಎಂದು ನೀನು ಅವನಿಗೆ ಹೇಳಿದ್ದೀಯಲ್ಲ, ಇನ್ನು ನಿಜ ಹೇಳು. ಬಾಗಿಲು ತೆಗೆಯುತ್ತಾನೋ ಇಲ್ಲವೋ ಕೇಳು. ಬೇಡ ಎಂದರೆ ಮುಚ್ಚಿಡದೆ ಬರೆ, ಮೂವತ್ತನಾಲ್ಕಕ್ಕೇ ಹೊಲಿದು ಅಂಚೆಗೆ ಹಾಕುತ್ತೇನೆ. ಅಕ್ಕ ಬೇಡವಾದರೂ ಬೆಲ್ಟು ಬೇಡವಾಗಬಾರದು.

ನಿನ್ನ ಮೊಂಡು
ಅತ್ತೆ

ತಾ.ಕ.: ಸೋಮವಾರ ಮಧ್ಯಾಹ್ನ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಂಗಡಿಯ ಫೋನು ರಿಂಗಾಯಿತು. ಆ ಕಡೆ ಬರೀ ಉಸಿರು. ಆಮೇಲೆ, ಒಂದೊಂದೇ ಅಕ್ಷರ ಎತ್ತಿಡುವವನ ಹಾಗೆ, "ಅಕ್ಕಾ... ಮೂವತ್ತನಾಲ್ಕು. ಸೇರಿಸ್ಬೇಡ" ಎಂದ. ಅವನೇ ಮುಂದುವರಿಸಿದ: "ಅಂಗಡೀದು ಅಂತಾಳೆ ನಿನ್ನ ಸೊಸೆ. ಅಂಗಡಿಯೋರು... ಒಳಮಗ್ಗುಲಿಗೂ ಇಷ್ಟು ನೀಟಾಗಿ ಹೊಲೀತಾರಾ?" ಕೊನೆಗೆ, "ಟೇಪು ತಗೊಂಡ್ ಬಾ" ಎಂದು ಇಟ್ಟುಬಿಟ್ಟ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಬಾಗಿಲಲ್ಲಿ ನಿನ್ನ ಕೈಗೇ ಕೊಡುತ್ತೇನೆ. ನೀನು ಹೊರಗೆ ಕೂತು ಓದು. ನಾನು ಕರೆಯುವವರೆಗೆ ಒಳಗೆ ಬರಬೇಡ. ಮೂವತ್ತನಾಲ್ಕು ಇಂಚು ಅಳೆಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.